ಗೆಜ್ಜೆ ಕುಣಿಯಲಿ, ವಿಡಿಯೋ ಮುಗ್ಗರಿಸದಿರಲಿ

ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನ ಹುಪರಿ ಬೆಳ್ಳಿ ಕೆಲಸದ ಊರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸರಾಫರ ಅಂಗಡಿಗಳಲ್ಲಿ ಗಾಜಿನ ಕಪಾಟಿನೊಳಗೆ ತೂಗುವ ಕಾಲ್ಗೆಜ್ಜೆಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಲ್ಲಿಯ ಮನೆಗಳಲ್ಲಿ. ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದ ವ್ಯಾಪಾರದ ಒಂದು ಪಾಲು ಈಗ ಪರದೆಗೆ ಬಂದಿದೆ. ಯೂಟ್ಯೂಬಿನಲ್ಲಿ ಹುಪರಿ ಪಾಯಲ್ ಎಂದು ಹುಡುಕಿದರೆ ಹರಡಿದ ಗೆಜ್ಜೆ, ಪಕ್ಕದಲ್ಲಿ ತಕ್ಕಡಿ, ಹಿಂದಿನಿಂದ ಗ್ರಾಂ ಲೆಕ್ಕ ಹೇಳುವ ದನಿ ಸಿಗುತ್ತವೆ. ಫೋನಿನಲ್ಲಿ ತೆಗೆದದ್ದು ಹೆಚ್ಚಾಗಿ ಸಲೀಸಾಗಿಯೇ ಬರುತ್ತದೆ. ಎರಡು ಕ್ಯಾಮೆರಾ ಬೇಕು, ಮೂಲೆಯಲ್ಲಿ ಅಂದಿನ ಬೆಳ್ಳಿ ದರ ಕಾಣಬೇಕು, ಕೆಳಗೆ ಅಂಗಡಿಯ ಹೆಸರು ಓಡಬೇಕು ಎಂದು ಕಂಪ್ಯೂಟರಿಗೆ ಬಂದಾಗ ತೊಡಕು ಶುರುವಾಗುತ್ತದೆ. ಆ ತುದಿಯ ಗಿರಾಕಿ ಹೇಳುತ್ತಾನೆ: "ಅಣ್ಣಾರ, ಚಿತ್ರ ಹಿಡದ ಹಿಡದ ಬರಾಕತ್ತೈತ್ರಿ. ಆ ಡಿಜೈನ್ ಇನ್ನೊಮ್ಮೆ ತೋರಸ್ರಿ."

ಆಮೇಲೆ ಸಲಹೆಗಳ ಸುರಿಮಳೆ. ಫಾರ್ಮ್ಯಾಟ್ ಹೊಡೆಸು ಎನ್ನುತ್ತಾನೆ ಒಬ್ಬ. ರ‍್ಯಾಮ್ ಹಾಕಿಸು ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನು ಕಂಪ್ಯೂಟರ್ ಶುಚಿ ಮಾಡುವ ಯಾವುದೋ ಪುಕ್ಕಟೆ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಾನೆ. ಎಲ್ಲವನ್ನೂ ಮಾಡಿದರೂ ಎಷ್ಟೋ ಸಲ ಚಿತ್ರ ಹಿಡಿಯುವುದು ನಿಲ್ಲುವುದಿಲ್ಲ. ಕಂಪ್ಯೂಟರ್ ಇಡಿಯಾಗಿ ನಿಧಾನವಾಗಿರುವುದು ಕಡಿಮೆ. ಒಳಗಿನ ಯಾವುದೋ ಒಂದು ಭಾಗ ಮಾತ್ರ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತಿರುವುದಿಲ್ಲ. ಅದು ಯಾವುದೆಂದು ತಿಳಿಯದೆ ಮಾಡಿದ ಖರ್ಚು ದಂಡ.

ಒಂದು ಫ್ರೇಮಿಗೆ ಎಷ್ಟು ಹೊತ್ತು?

ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 33 ಮಿಲಿಸೆಕೆಂಡು. 25 ಫ್ರೇಮ್ ಆದರೆ 40. 60 ಆದರೆ 17ಕ್ಕೂ ಕಡಿಮೆ. ಇಷ್ಟರೊಳಗೆ ಚಿತ್ರ ಕ್ಯಾಮೆರಾದಿಂದ ತಂತಿಯಲ್ಲಿ ಬರಬೇಕು, ಬಿಚ್ಚಿಕೊಳ್ಳಬೇಕು, ದರದ ಪಟ್ಟಿ, ಹೆಸರಿನ ಪಟ್ಟಿಯ ಜೊತೆ ಸೇರಿ ಒಂದೇ ಚಿತ್ರವಾಗಬೇಕು, ಎನ್‌ಕೋಡರ್ ಅದನ್ನು ಹಿಂಡಿ ಚಿಕ್ಕದು ಮಾಡಬೇಕು, ಕೊನೆಗೆ ಡಿಸ್ಕಿಗೋ ಇಂಟರ್ನೆಟ್ಟಿಗೋ ಹೋಗಬೇಕು. ಹುಪರಿಯಲ್ಲಿ ಗೆಜ್ಜೆ ತಯಾರಾಗುವುದೂ ಹೀಗೆಯೇ ಕೈಯಿಂದ ಕೈಗೆ: ಬೆಳ್ಳಿ ಕರಗಿಸುವವರು ಒಬ್ಬರು, ತಂತಿ ಎಳೆಯುವವರು ಒಬ್ಬರು, ಕೊಂಡಿ ಕೂಡಿಸುವವರು, ಗೆಜ್ಜೆ ಪೋಣಿಸುವವರು, ಪಾಲಿಶ್ ಮಾಡುವವರು ಬೇರೆ ಬೇರೆ. ಗೆಜ್ಜೆ ಪೋಣಿಸುವ ಮನೆಯಲ್ಲಿ ಕೆಲಸ ನಿಂತರೆ, ತಂತಿ ಎಳೆಯುವ ಯಂತ್ರವನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ಏನು ಬಂತು?

ವ್ಯತ್ಯಾಸ ಒಂದೇ. ಗೆಜ್ಜೆ ತಡವಾದರೆ ನಾಳೆ ಬರುತ್ತದೆ. ತಡವಾದ ಫ್ರೇಮ್ ಬರುವುದೇ ಇಲ್ಲ. ಕಂಪ್ಯೂಟರ್ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಹಾಗೆ ಬಿಟ್ಟುಹೋದ ಚಿತ್ರಗಳ ಜಾಗದಲ್ಲಿ ನಮ್ಮ ಕಣ್ಣಿಗೆ ಮುಗ್ಗರಿಸಿದಂತೆ ಕಾಣುತ್ತದೆ.

ಈ ಕೆಲಸದ ಗಾತ್ರವನ್ನೂ ಒಮ್ಮೆ ಲೆಕ್ಕ ಹಾಕೋಣ. 1080ಪಿ ಎಂದರೆ 1920 ಅಡ್ಡ, 1080 ಉದ್ದ, ಒಟ್ಟು ಇಪ್ಪತ್ತು ಲಕ್ಷ ಚುಕ್ಕೆಗಳ ಮೇಲೆ. ಬಣ್ಣದ ಮಾಹಿತಿಯನ್ನು ಸಾಕಷ್ಟು ಮಿತವಾಗಿ ಇಟ್ಟುಕೊಂಡರೂ ಸೆಕೆಂಡಿಗೆ 30 ಫ್ರೇಮಿನಂತೆ 93 ಮೆಗಾಬೈಟ್ ಆಗುತ್ತದೆ. ಅದನ್ನು ಎನ್‌ಕೋಡರ್ ಎರಡೂವರೆ ಮೆಗಾಬೈಟಿಗೆ ಇಳಿಸುತ್ತದೆ. ಇಡೀ ಸಾಲಿನಲ್ಲಿ ಬೆವರು ಹೆಚ್ಚು ಸುರಿಯುವುದು ಇಲ್ಲೇ.

ಮೂರು ಲೆಕ್ಕ, ಮೂರು ರೋಗ

ಪುಕ್ಕಟೆ ಸಿಗುವ ಓಬಿಎಸ್ 2012ರಲ್ಲಿ ಬಂದದ್ದು. ಕಂಪ್ಯೂಟರಿನಿಂದ ಲೈವ್ ಮಾಡುವವರಲ್ಲಿ ಎಷ್ಟೋ ಜನ ಅದನ್ನೇ ಬಳಸುತ್ತಾರೆ. ಅದರ ಮೆನುವಿನಲ್ಲಿ 'ವ್ಯೂ' ಇಲ್ಲವೇ 'ಡಾಕ್ಸ್' ಅಡಿಯಲ್ಲಿ 'ಸ್ಟ್ಯಾಟ್ಸ್' ಎಂಬ ಕಿಟಕಿ ಇದೆ. ಚೆಂದದ ಫಿಲ್ಟರುಗಳನ್ನೆಲ್ಲ ಹುಡುಕಿ ಹಾಕಿಕೊಂಡವರೂ ಅದನ್ನು ತೆರೆದು ನೋಡಿರುವುದಿಲ್ಲ. ಅಲ್ಲಿ ಮೂರು ಲೆಕ್ಕಗಳು ಬೇರೆಬೇರೆಯಾಗಿ ಏರುತ್ತಿರುತ್ತವೆ. ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮುಗಳು: ಚಿತ್ರಗಳನ್ನು ಕೂಡಿಸುವ ಗ್ರಾಫಿಕ್ಸ್ ಚಿಪ್ ಸೋತಿದೆ. ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟ ಫ್ರೇಮುಗಳು: ಹಿಂಡುವ ಕೆಲಸ ಮುಗಿಯುತ್ತಿಲ್ಲ. ನೆಟ್‌ವರ್ಕ್‌ನಿಂದ ಬಿದ್ದ ಫ್ರೇಮುಗಳು: ಕಂಪ್ಯೂಟರ್ ಸರಿ ಇದೆ, ಹೊರಗೆ ಹೋಗುವ ದಾರಿ ಸಾಲುತ್ತಿಲ್ಲ.

ಹತ್ತು ನಿಮಿಷ ಖಾಸಗಿಯಾಗಿ ಲೈವ್ ಮಾಡಿ ಈ ಮೂರರಲ್ಲಿ ಯಾವುದು ಏರುತ್ತದೆ ನೋಡಿ. ಮೂರನೆಯದು ಏರುತ್ತಿದ್ದರೆ ಕ್ರೋಮ್ ಮುಚ್ಚಿದರೂ, ಫಾರ್ಮ್ಯಾಟ್ ಹೊಡೆಸಿದರೂ, ಹೊಸ ಕಂಪ್ಯೂಟರನ್ನೇ ತಂದರೂ ಫಲವಿಲ್ಲ. ಎರಡನೆಯದು ಏರುತ್ತಿದ್ದರೆ ವೈಫೈ ಬದಲಿಸುವುದು ವ್ಯರ್ಥ. ಮೂರೂ ಸೊನ್ನೆಯಲ್ಲೇ ನಿಂತು, ವಿಡಿಯೋ ಮಾತ್ರ ತಡವರಿಸುತ್ತಿದ್ದರೆ? ಆಗ ಅನುಮಾನ ಹೋಗಬೇಕಾದದ್ದು ಕ್ಯಾಮೆರಾದ ಮೇಲೆ. ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ವೆಬ್‌ಕ್ಯಾಮಿಗೆ ಬೆಳಕು ಕಡಿಮೆ ಎನಿಸಿದರೆ ಅದು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಹಾಗೆ ಮಾಡಿದಾಗ ಸೆಕೆಂಡಿಗೆ 30 ಚಿತ್ರ ಕೊಡಲು ಅದಕ್ಕೆ ಆಗುವುದಿಲ್ಲ. ತೆಪ್ಪಗೆ 15ಕ್ಕೆ ಇಳಿದುಬಿಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಕಂಪ್ಯೂಟರ್ ಒಂದೊಂದು ಚಿತ್ರವನ್ನೂ ಎರಡೆರಡು ಸಲ ಬಳಸಿಕೊಂಡು 30 ಎಂದು ಲೆಕ್ಕ ತೋರಿಸುತ್ತದೆ. ಸಂಜೆ ಹೊತ್ತು ಚಿತ್ರ ಹಿಡಿಯುತ್ತದೆ, ಬೆಳಿಗ್ಗೆ ಇಲ್ಲ ಎನ್ನುವವರು ಮೊದಲು ಇದನ್ನು ನೋಡಬೇಕು. ಓಬಿಎಸ್‌ನಲ್ಲಿ ಆ ಕ್ಯಾಮೆರಾದ 'ಕಾನ್ಫಿಗರ್ ವಿಡಿಯೋ' ತೆರೆದು ಆಟೋ ಎಕ್ಸ್‌ಪೋಷರ್ ಹಾಗೂ ಕಡಿಮೆ ಬೆಳಕಿನ ಸರಿಹೊಂದಿಕೆಯನ್ನು ತೆಗೆದುಹಾಕಿ, ಇನ್ನೊಂದು ದೀಪ ಇಟ್ಟರೆ ಮುಗಿಯಿತು. ಅಲ್ಲೇ 'ಪವರ್‌ಲೈನ್ ಫ್ರೀಕ್ವೆನ್ಸಿ' ಎಂಬುದೂ ಇರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಜ್. ಅದು 60ರಲ್ಲಿದ್ದರೆ ದೀಪದ ಮಿಣುಕು ಚಿತ್ರದ ಮೇಲೆ ಪಟ್ಟೆಪಟ್ಟೆಯಾಗಿ ಹರಿಯುತ್ತದೆ, ನೋಡುವವರು ಅದನ್ನೂ "ವಿಡಿಯೋ ಹ್ಯಾಂಗ್" ಎಂದೇ ಕರೆಯುತ್ತಾರೆ.

ತಂತಿಯ ದಾರಿಯೂ ಕಿರಿದು. ಯುಎಸ್‌ಬಿ 2ರ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ದಕ್ಕುವುದು ಇನ್ನೂ ಕಡಿಮೆ. ಸೆಕೆಂಡಿಗೆ 93 ಮೆಗಾಬೈಟಿನ ವಿಡಿಯೋ ಅದರಲ್ಲಿ ಹಾಯುವುದಿಲ್ಲವಾದ್ದರಿಂದ ಕ್ಯಾಮೆರಾ ಒಂದೊಂದು ಫ್ರೇಮನ್ನೂ ಜೆಪೆಗ್ ಫೋಟೋದಂತೆ ಹಿಂಡಿ ಕಳಿಸುತ್ತದೆ. ಅದನ್ನು ಬಿಚ್ಚುವ ಕೆಲಸ ನಿಮ್ಮ ಪ್ರೊಸೆಸರಿನ ತಲೆಗೆ. ಎರಡು ವೆಬ್‌ಕ್ಯಾಮ್ ಇದ್ದರೆ ಎರಡರಷ್ಟು. ಅಗ್ಗದ ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿಗಳದ್ದೂ ಇದೇ ಕತೆ. ಅವುಗಳ ಬಾಯಿ ನೀಲಿ ಬಣ್ಣದ್ದು ಎಂದ ಮಾತ್ರಕ್ಕೆ ಒಳಗೆ ಯುಎಸ್‌ಬಿ 3 ಇದೆ ಎಂದು ನಂಬಬೇಡಿ. ಇನ್ನು ಕ್ಯಾಮೆರಾ, ಹೊರಗಿನ ಹಾರ್ಡ್‌ಡಿಸ್ಕು, ಮೈಕು ಎಲ್ಲವನ್ನೂ ಒಂದೇ ಹಬ್ಬಿಗೆ ಚುಚ್ಚುವ ಅಭ್ಯಾಸವಂತೂ ಬೇಡವೇ ಬೇಡ. ಕ್ಯಾಮೆರಾಕ್ಕೆ ಕಂಪ್ಯೂಟರಿನದೇ ಒಂದು ಕಿಂಡಿ ಮೀಸಲಿಡಿ.

ಪ್ರೊಸೆಸರನ್ನು ಹಗುರ ಮಾಡುವುದು

ಎನ್‌ಕೋಡಿಂಗ್ ಲೆಕ್ಕ ಏರುತ್ತಿದೆ ಎಂದುಕೊಳ್ಳೋಣ. ಎಲ್ಲರೂ ಮೊದಲು ಹೇಳುವುದು ಬೇರೆ ಕಿಟಕಿಗಳನ್ನು ಮುಚ್ಚು ಎಂದು. ತಪ್ಪಲ್ಲ, ಆದರೆ ಅದರಿಂದ ಸಿಗುವುದು ಚಿಲ್ಲರೆ. ದೊಡ್ಡ ಲಾಭ ಬೇರೆ ಕಡೆ ಇದೆ: ಹಿಂಡುವ ಕೆಲಸವನ್ನೇ ಪ್ರೊಸೆಸರಿನಿಂದ ಕಿತ್ತು ಅದಕ್ಕೆಂದೇ ಮಾಡಿದ ಚಿಪ್ಪಿಗೆ ಒಪ್ಪಿಸುವುದು. ಇಂಟೆಲ್ 2011ರಿಂದ ತನ್ನ ಕೋರ್ ಪ್ರೊಸೆಸರುಗಳೊಳಗೆ ಕ್ವಿಕ್ ಸಿಂಕ್ ಎಂಬ ಇಂಥ ಭಾಗವನ್ನು ಕೊಡುತ್ತಿದೆ. ಎನ್‌ವಿಡಿಯಾ 2012ರಿಂದ ಎನ್‌ವೆಂಕ್ ಕೊಟ್ಟಿದೆ. ಎಎಮ್‌ಡಿಯದೂ ಇದೆ. ಓಬಿಎಸ್ ಸೆಟ್ಟಿಂಗ್ಸಿನ ಔಟ್‌ಪುಟ್ ಪುಟದಲ್ಲಿ ಎನ್‌ಕೋಡರ್ ಎಂಬಲ್ಲಿ ಎಕ್ಸ್264 ಇದ್ದರೆ ಭಾರವೆಲ್ಲ ಪ್ರೊಸೆಸರಿನ ಮೇಲೆ. ಅದನ್ನು ಹಾರ್ಡ್‌ವೇರ್ ಎಂಬುದಕ್ಕೆ ಬದಲಿಸಿ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ. ಹಳೆಯ ಐ5 ಲ್ಯಾಪ್‌ಟಾಪೂ ಉಸಿರು ಬಿಡುತ್ತದೆ. ಅದೇ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟೇ ಬಿಟ್ ಬಳಸಿ, ಎಕ್ಸ್264ರ ನಿಧಾನದ ಹಂತಗಳು ಕೊಡುವ ನುಣುಪು ಹಳೆಯ ಹಾರ್ಡ್‌ವೇರ್ ಎನ್‌ಕೋಡರುಗಳಿಂದ ಬರುವುದಿಲ್ಲ ಎಂಬ ಮಾತಿದೆ, ಅದು ನಿಜವೂ ಹೌದು. ಆದರೆ ಡಿಸ್ಕಿಗೆ ರೆಕಾರ್ಡ್ ಮಾಡುವಾಗ ಬಿಟ್‌ರೇಟನ್ನು ಸ್ವಲ್ಪ ಏರಿಸಿದರೆ ಆ ಕೊರತೆ ತುಂಬುತ್ತದೆ. ಮುಗ್ಗರಿಸುವ ನುಣುಪಾದ ವಿಡಿಯೋಗಿಂತ ಮುಗ್ಗರಿಸದ ಸಾಧಾರಣ ವಿಡಿಯೋ ವಾಸಿ.

ಇಲ್ಲೊಂದು ಎಚ್ಚರಿಕೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಎನ್‌ವಿಡಿಯಾ ಜಿಟಿ 1030 ಕಾರ್ಡು ತಂದು ಹಾಕಿಸಬೇಡಿ. ಹೆಸರು ಎನ್‌ವಿಡಿಯಾದ್ದೇ ಆದರೂ ಅದರಲ್ಲಿ ಎನ್‌ವೆಂಕ್ ಇಲ್ಲ. ಇದ್ದ ಇಂಟೆಲ್ ಚಿಪ್ಪಿನ ಕ್ವಿಕ್ ಸಿಂಕೇ ಈ ಕೆಲಸಕ್ಕೆ ಅದಕ್ಕಿಂತ ಮೇಲು.

ಹಾರ್ಡ್‌ವೇರ್ ಎನ್‌ಕೋಡರ್ ಇಲ್ಲದ ಯಂತ್ರವಾದರೆ ಎಕ್ಸ್264ರ ಪ್ರಿಸೆಟ್ಟನ್ನು 'ವೆರಿಫಾಸ್ಟ್'ನಿಂದ 'ಸೂಪರ್‌ಫಾಸ್ಟ್'ಗೆ ಇಳಿಸಬಹುದು. ಅದಕ್ಕಿಂತ ದೊಡ್ಡ ಉಪಾಯ 1080ಪಿ ಬಿಟ್ಟು 720ಪಿಗೆ ಬರುವುದು. ಚುಕ್ಕೆಗಳ ಲೆಕ್ಕ ಎರಡೂಕಾಲು ಪಟ್ಟು ಇಳಿಯುತ್ತದೆ. ಗೆಜ್ಜೆ ಕೊಳ್ಳುವವರು ನೋಡುವುದು ಫೋನಿನ ಅಂಗೈಯಗಲ ಪರದೆಯಲ್ಲಿ. ಅದಕ್ಕೆ 60 ಫ್ರೇಮ್ ಏಕೆ ಬೇಕು? ಅದು ಆಟಗಾರರ ಚಟ. ಲೈವ್ ಮಾಡುತ್ತಲೇ ರೆಕಾರ್ಡ್ ಕೂಡ ಮಾಡುವವರು ರೆಕಾರ್ಡಿಂಗಿಗೆ ಬೇರೆ ಎನ್‌ಕೋಡರ್ ಆರಿಸಿದ್ದರೆ ಒಂದೇ ಚಿತ್ರವನ್ನು ಎರಡು ಸಲ ಹಿಂಡಿಸುತ್ತಿದ್ದಾರೆ ಎಂದರ್ಥ. 'ಯೂಸ್ ಸ್ಟ್ರೀಮ್ ಎನ್‌ಕೋಡರ್' ಎಂದು ಕೊಟ್ಟರೆ ಒಂದೇ ಸಲಕ್ಕೆ ಎರಡೂ ಆಗುತ್ತವೆ.

ಇಷ್ಟಾದ ಮೇಲೆ ಕಿಟಕಿ ಮುಚ್ಚುವ ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಎಂಬ ತಲೆಪಟ್ಟಿಯನ್ನು ಒತ್ತಿದರೆ ಹೆಚ್ಚು ತಿನ್ನುವವರು ಮೇಲಕ್ಕೆ ಬರುತ್ತಾರೆ. ಹೆಚ್ಚಾಗಿ ಅಲ್ಲಿ ಸಿಗುವುದು ಹತ್ತಾರು ಪುಟ ತೆರೆದಿಟ್ಟ ಬ್ರೌಸರು, ಫೋಟೋಗಳನ್ನು ಮೇಲಕ್ಕೆ ಕಳಿಸುತ್ತಿರುವ ಒನ್‌ಡ್ರೈವ್, ಪ್ರಿಂಟರಿನ ಜೊತೆ ಬಂದು ಹೋಗದೆ ಕೂತ ಯಾವುದೋ ಸಹಾಯಕ. 'ಸ್ಟಾರ್ಟ್‌ಅಪ್' ಪುಟಕ್ಕೆ ಹೋಗಿ ಕಂಪ್ಯೂಟರ್ ಏಳುವಾಗಲೇ ಏಳುವ ಇಂಥವರನ್ನು ಒಮ್ಮೆ ಮಲಗಿಸಿಟ್ಟರೆ ದಿನವೂ ಮುಚ್ಚುವ ತಾಪತ್ರಯ ಇಲ್ಲ. ವಿಂಡೋಸ್ ಅಪ್‌ಡೇಟನ್ನು ಐದು ವಾರದವರೆಗೆ ತಡೆಹಿಡಿಯಬಹುದು. ದೀಪಾವಳಿಯ ಲೈವಿಗೆ ಮುಂಚೆ ತಡೆದು, ಮುಗಿದ ಮೇಲೆ ಮರೆಯದೆ ಬಿಡಿ. ಆಂಟಿವೈರಸ್ಸನ್ನು ಆಫ್ ಮಾಡುವ ಸಲಹೆ ಮಾತ್ರ ಬೇಡ. ಬ್ಯಾಂಕಿನ ವ್ಯವಹಾರ ನಡೆಯುವ ಅದೇ ಕಂಪ್ಯೂಟರಿನಲ್ಲಿ ಅದು ಬಾಗಿಲು ತೆರೆದಿಟ್ಟು ಸಂತೆಗೆ ಹೋದ ಹಾಗೆ. ರೆಕಾರ್ಡಿಂಗ್ ಬೀಳುವ ಫೋಲ್ಡರನ್ನಷ್ಟೇ ತಪಾಸಣೆಯಿಂದ ಹೊರಗಿಟ್ಟರೆ ಸಾಕು.

ರೆಂಡರಿಂಗ್ ಲೆಕ್ಕ ಏರುತ್ತಿದ್ದರೆ ಚಿಕಿತ್ಸೆ ಬೇರೆ. ಓಬಿಎಸ್ಸನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆಯಿರಿ. ಗ್ರಾಫಿಕ್ಸ್ ಚಿಪ್ಪಿನ ಮುಂದೆ ಅದರ ಸರದಿ ಮೊದಲು ಬರುವಂತೆ ವಿಂಡೋಸ್ ನೋಡಿಕೊಳ್ಳುತ್ತದೆ. ಕುಣಿಯುವ ಅಕ್ಷರ, ಮಿಂಚುವ ಚೌಕಟ್ಟು, ವೆಬ್ ಪುಟವನ್ನೇ ಒಳಗೆ ತಂದ ದರಪಟ್ಟಿ, ಇವು ಕಣ್ಣಿಗೆ ಸಣ್ಣವಾದರೂ ಒಂದೊಂದು ಫ್ರೇಮಿಗೂ ಹೊಸದಾಗಿ ಬಿಡಿಸಬೇಕಾದವು. ದರವನ್ನು ಸಾದಾ ಅಕ್ಷರದಲ್ಲಿ ಬರೆದು ಹಾಕಿ. ಪ್ರಿವ್ಯೂ ಬೇಡವಾದಾಗ ಆರಿಸಿ.

ರ‍್ಯಾಮ್, ಡಿಸ್ಕು

ಜನ ಹೆಚ್ಚು ದುಡ್ಡು ಸುರಿಯುವುದು ರ‍್ಯಾಮಿಗೆ. 4 ಜಿಬಿ ಇದ್ದರೆ 8ಕ್ಕೆ ಏರಿಸುವುದು ಖಂಡಿತ ಸಾರ್ಥಕ. ಸಾಲದಾದಾಗ ವಿಂಡೋಸ್ ಒಳಗಿನದನ್ನು ಡಿಸ್ಕಿಗೆ ಎತ್ತಿಹಾಕಿ ಮತ್ತೆ ಮತ್ತೆ ತರುತ್ತಿರುತ್ತದೆ, ಅಷ್ಟರಲ್ಲಿ ಫ್ರೇಮುಗಳು ಬಿದ್ದಿರುತ್ತವೆ. ಆದರೆ 16 ಜಿಬಿಯಲ್ಲಿ 7 ಖಾಲಿ ಇರುವ ಯಂತ್ರಕ್ಕೆ ಇನ್ನೂ 16 ತುಂಬಿದರೆ ವಿಡಿಯೋ ಒಂದು ಫ್ರೇಮೂ ಸುಧಾರಿಸುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದ ಕಂಪ್ಯೂಟರುಗಳಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ಅಲ್ಲಿ ಗ್ರಾಫಿಕ್ಸ್ ಚಿಪ್ಪು ಬಳಸುವುದೂ ಇದೇ ರ‍್ಯಾಮನ್ನು. 8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿ ಹಾಕಿದರೆ ದತ್ತಾಂಶ ಹರಿಯುವ ದಾರಿ ಎರಡಾಗುತ್ತದೆ. ರೆಂಡರಿಂಗ್ ಲ್ಯಾಗ್ ಕಾಡುವವರಿಗೆ ಇದರಿಂದ ನಿಜವಾದ ಲಾಭ.

ರ‍್ಯಾಮ್ ಖಾಲಿ ಮಾಡಿಕೊಡುವ ಸಾಫ್ಟ್‌ವೇರುಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅವು ಮಾಡುವುದು ಬಳಕೆಯಲ್ಲಿರುವ ಕಾರ್ಯಕ್ರಮಗಳ ಸಾಮಾನನ್ನು ಹೊರಗೆ ದಬ್ಬಿ "ಇಷ್ಟು ಜಾಗ ಖಾಲಿಯಾಯಿತು" ಎಂದು ಹಸಿರು ಬಣ್ಣದಲ್ಲಿ ತೋರಿಸುವುದು. ಮರುಕ್ಷಣ ಆ ಸಾಮಾನು ಮತ್ತೆ ಬೇಕಾಗುತ್ತದೆ, ಡಿಸ್ಕಿನಿಂದ ವಾಪಸ್ ಬರುತ್ತದೆ, ಚಿತ್ರ ಹಿಡಿಯುತ್ತದೆ. ರಿಜಿಸ್ಟ್ರಿ ಕ್ಲೀನರುಗಳಿಂದ ವಿಡಿಯೋಗೆ ಆಗುವ ಉಪಕಾರ ಸೊನ್ನೆ.

ಡಿಸ್ಕಿನ ವಿಷಯದಲ್ಲಿ ಭಯ ಜಾಸ್ತಿ, ತೊಂದರೆ ಕಡಿಮೆ. ಸೆಕೆಂಡಿಗೆ 20 ಮೆಗಾಬಿಟ್ ಬಿಟ್‌ರೇಟಿನಲ್ಲಿ ರೆಕಾರ್ಡ್ ಮಾಡಿದರೆ ಡಿಸ್ಕಿಗೆ ಬೀಳುವುದು ಎರಡೂವರೆ ಮೆಗಾಬೈಟ್ ಮಾತ್ರ, ಗಂಟೆಗೆ 9 ಜಿಬಿ. ಹಳೆಯ ಹಾರ್ಡ್‌ಡಿಸ್ಕೂ ಇದನ್ನು ಸುಲಭವಾಗಿ ಬರೆಯುತ್ತದೆ. ಅದು ಸೋಲುವುದು ಒಂದೇ ಹೊತ್ತಿಗೆ ನಾಲ್ಕು ಕಡೆಯಿಂದ ಎಳೆದಾಗ: ಅಪ್‌ಡೇಟ್ ಇಳಿಯುತ್ತಿದೆ, ಇಂಡೆಕ್ಸಿಂಗ್ ನಡೆದಿದೆ, ಆಂಟಿವೈರಸ್ ಎಲ್ಲವನ್ನೂ ಓದುತ್ತಿದೆ. ಹಾರ್ಡ್‌ಡಿಸ್ಕಿನ ಮುಳ್ಳು ತಟ್ಟೆಯ ಮೇಲೆ ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತಾಗುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪ್ರತಿಶತ ಎಂದು ತೋರಿಸುವುದು ಆಗ. ವಿಂಡೋಸ್ ಇರುವ ಡಿಸ್ಕನ್ನು ಎಸ್‌ಎಸ್‌ಡಿಗೆ ಬದಲಿಸಿದರೆ ಈ ಅಧ್ಯಾಯ ಮುಗಿಯುತ್ತದೆ. ಹಳೆಯ ಯಂತ್ರಕ್ಕೆ ಒಂದೇ ಒಂದು ಸಲ ಖರ್ಚು ಮಾಡುವ ಮನಸ್ಸಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಪೆನ್‌ಡ್ರೈವಿಗೆ ನೇರವಾಗಿ ರೆಕಾರ್ಡ್ ಮಾಡುವವರ ವಿಡಿಯೋ ಅರ್ಧ ಗಂಟೆಗೆ ಮುಂಚೆಯೇ ನಿಂತುಹೋಗುವುದಕ್ಕೂ ವೇಗಕ್ಕೂ ಸಂಬಂಧವಿಲ್ಲ. ಅದು ಫ್ಯಾಟ್32 ಆಗಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಫೈಲಿನ ಬಗೆಯನ್ನು ಎಂಕೆವಿ ಇಟ್ಟರೆ ಮಧ್ಯೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಕೊನೆಯ ಪುಟ ಬರೆಯದೆ ಫೈಲೇ ತೆರೆಯುವುದಿಲ್ಲ. ಮಹಾರಾಷ್ಟ್ರದ ಮಹಾವಿತರಣವಿರಲಿ, ಈಚೆ ಕಡೆಯ ಹೆಸ್ಕಾಂ ಇರಲಿ, ಕರೆಂಟು ಹೇಳಿ ಹೋಗುವುದಿಲ್ಲವಲ್ಲ.

ಹತ್ತಿಯ ಧೂಳು, ಬಿಸಿ

ಹುಪರಿಯ ನೆರೆಯಲ್ಲೇ ಇಚಲಕರಂಜಿ. ಪವರ್‌ಲೂಮಿನ ಊರು. ಮಗ್ಗಗಳ ಸುತ್ತ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಅದನ್ನು ಒಳಗೆಳೆದುಕೊಂಡು, ಬಿಸಿ ಹೊರಹೋಗುವ ತಗಡಿನ ಹಲ್ಲುಗಳ ಮುಂದೆ ತೆಳುವಾದ ಕಂಬಳಿಯಂತೆ ಹಾಸುತ್ತದೆ. ಬೆಳ್ಳಿ ಕರಗಿಸುವ, ಪಾಲಿಶ್ ಮಾಡುವ ಜಾಗದಲ್ಲಾದರೆ ಮಸಿ, ಪುಡಿ, ಕುಲುಮೆಯ ಕಾವು. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದರೆ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ವಿಡಿಯೋ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಹಿಡಿಯತೊಡಗಿದರೆ ಸಾಮಾನ್ಯವಾಗಿ ಕಾರಣ ಇದೇ. ಅಂಥವರು ಸಾಫ್ಟ್‌ವೇರ್ ಮುಟ್ಟುವ ಮೊದಲು ತಳ ಬಿಚ್ಚಿಸಿ ಫ್ಯಾನು ಸ್ವಚ್ಛ ಮಾಡಿಸಲಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಲಿ. ಮಗ್ಗದ ಮನೆಯಲ್ಲಿ ಇದನ್ನು ವರ್ಷಕ್ಕೊಮ್ಮೆ ಎಂದು ಇಟ್ಟುಕೊಂಡರೂ ಕಡಿಮೆಯೇ. ಲ್ಯಾಪ್‌ಟಾಪನ್ನು ಮೆತ್ತನೆಯ ಗಾದಿಯ ಮೇಲೆ ಇಟ್ಟು ಲೈವ್ ಮಾಡುವ ಸರಾಫರಿದ್ದಾರೆ. ಗಾದಿ ಗಿರಾಕಿಗೆ, ಯಂತ್ರಕ್ಕೆ ಹಲಗೆ.

ಇನ್ನು ಚಾರ್ಜರ್ ಹಾಕದೆ ಬ್ಯಾಟರಿಯ ಮೇಲೆ ಓಡಿಸಿದರೆ ಎಷ್ಟೋ ಲ್ಯಾಪ್‌ಟಾಪುಗಳು ವೇಗ ತಗ್ಗಿಸುತ್ತವೆ. ಚಾರ್ಜರ್ ಹಾಕಿ, ಪವರ್ ಮೋಡನ್ನು 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ತನ್ನಿ. ಮೂಲ ಚಾರ್ಜರ್ ಹಾಳಾಗಿ ಕಡಿಮೆ ವಾಟ್ಸಿನದ್ದನ್ನು ತಂದಿದ್ದರೆ ಅದರಿಂದಲೂ ಇದೇ ಆಗಬಹುದು.

ಹೊರಗೆ ಹೋಗುವ ದಾರಿ, ಹೊಳೆಯುವ ಬೆಳ್ಳಿ

ನೆಟ್‌ವರ್ಕ್ ಲೆಕ್ಕ ಏರುವವರಿಗೆ ಒಂದೆರಡು ಮಾತು. ಕಂಪನಿ ಹೇಳುವ 50, 100 ಎಂಬ ವೇಗ ಹೆಚ್ಚಾಗಿ ಇಳಿಸಿಕೊಳ್ಳುವ ವೇಗ. ಲೈವಿಗೆ ಬೇಕಾದದ್ದು ಏರಿಸುವ ವೇಗ. 720ಪಿ, 30 ಫ್ರೇಮಿಗೆ ಯೂಟ್ಯೂಬು ಹೇಳುವುದು ಸುಮಾರು 4 ಎಂಬಿಪಿಎಸ್. ಅಳೆದಾಗ ಏರುವೇಗ 8 ಬಂದರೆ ನಿಶ್ಚಿಂತೆ, 5 ಬಂದರೆ ಬಿಟ್‌ರೇಟನ್ನು 3ಕ್ಕೆ ಇಳಿಸಿ. ವೈಫೈ ಬದಲು ರೌಟರಿನಿಂದ ತಂತಿ ಎಳೆಯಿರಿ. ಲೈವ್ ನಡೆದಾಗ ಮನೆಯವರ ಫೋನು ಮದುವೆ ಫೋಟೋಗಳನ್ನು ಮೇಲಕ್ಕೆ ಕಳಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಬೆಳ್ಳಿಗೆ ಇಲ್ಲೊಂದು ಅದರದೇ ಆದ ಕಾಟವಿದೆ. ಎನ್‌ಕೋಡರ್ ಕೆಲಸ ಮಾಡುವುದು ಹಿಂದಿನ ಚಿತ್ರದಲ್ಲಿ ಇದ್ದದ್ದೇ ಈಗಲೂ ಸ್ವಲ್ಪ ಸರಿದು ಇದೆ ಎಂಬ ಊಹೆಯ ಮೇಲೆ. ಗೋಡೆ, ಮುಖ, ಬಟ್ಟೆಯಲ್ಲಿ ಆ ಊಹೆ ನಿಲ್ಲುತ್ತದೆ. ಗೆಜ್ಜೆಯನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೆ ನೂರಾರು ಗುಂಡುಗಳ ಮೇಲಿನ ಹೊಳಪಿನ ಚುಕ್ಕಿಗಳು ಪ್ರತಿ ಫ್ರೇಮಿಗೂ ಹೊಸ ಜಾಗದಲ್ಲಿ ಹುಟ್ಟುತ್ತವೆ. ಯಾವುದನ್ನೂ ಊಹಿಸಲಾಗದು. ಕೊಟ್ಟ ಬಿಟ್‌ರೇಟು ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಗಿರಾಕಿ ಕೊಳ್ಳಬೇಕಾದ ಕೊಂಡಿಯ ಕೆಲಸವೇ ಆಗ ಕಾಣುವುದಿಲ್ಲ. ಇದಕ್ಕೆ ಮದ್ದು ಕಂಪ್ಯೂಟರಿನ ಹೊರಗಿದೆ. ನೇರ ಎಲ್ಇಡಿಯ ಮುಂದೆ ಬಿಳಿ ಬಟ್ಟೆಯೋ ಟ್ರೇಸಿಂಗ್ ಕಾಗದವೋ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿದರೆ ಚೂಪಾದ ಹೊಳಪು ಹರಡಿಕೊಳ್ಳುತ್ತದೆ. ಹಿನ್ನೆಲೆಗೆ ಒಂದೇ ಬಣ್ಣದ ಗಾಢ ಮಖಮಲ್ಲು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲ್ಲಾಡದೆ ನಿಂತಿರಲಿ. ಗೆಜ್ಜೆಯನ್ನು ಒಮ್ಮೆ ಕುಣಿಸಿ ದನಿ ಕೇಳಿಸಿ, ಆಮೇಲೆ ಕೆಲ ಸೆಕೆಂಡು ಸುಮ್ಮನೆ ಹಿಡಿಯಿರಿ. ಅಷ್ಟರಲ್ಲಿ ಚಿತ್ರ ತಿಳಿಯಾಗುತ್ತದೆ.

ಹಳೆಯ ಕ್ಯಾಸೆಟ್ಟಿನ ಮದುವೆಗಳು

ಗಡಹಿಂಗ್ಲಜ, ನಿಪ್ಪಾಣಿ, ಸಂಕೇಶ್ವರದ ಕಡೆಯ ಸ್ಟುಡಿಯೋಗಳ ಅಟ್ಟದಲ್ಲಿ ಇನ್ನೂ ವಿಎಚ್‌ಎಸ್, ಮಿನಿಡಿವಿ ಕ್ಯಾಸೆಟ್ಟುಗಳಿದ್ದರೆ ಆಶ್ಚರ್ಯವಿಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡಿ ಎಂದು ಬರುವವರು ಈಗಲೂ ಇದ್ದಾರೆ. ರೆಕಾರ್ಡ್ ಮಾಡುವಾಗ ಎಲ್ಲವನ್ನೂ ಮುಚ್ಚು, ನೆಟ್ ಕಿತ್ತುಹಾಕು, ಮೌಸ್ ಕೂಡ ಮುಟ್ಟಬೇಡ ಎಂಬ ಹಳೆಯ ನಿಯಮಗಳು ಬಂದದ್ದು ಈ ಕ್ಯಾಸೆಟ್ ಇಳಿಸುವ ಕಾಲದಿಂದ. ವಿಂಡೋಸ್ 98, ಎಕ್ಸ್‌ಪಿಯ ದಿನಗಳಲ್ಲಿ ಡಿವಿಯ ಸೆಕೆಂಡಿಗೆ 3.6 ಮೆಗಾಬೈಟು, ಗಂಟೆಗೆ 13 ಜಿಬಿ ಎಂಬುದು ಡಿಸ್ಕಿಗೆ ನಿಜವಾಗಿಯೂ ಭಾರವಾಗಿತ್ತು. ಡಿಫ್ರಾಗ್ ಮಾಡುವುದಕ್ಕೆ ಆಗ ಅರ್ಥವಿತ್ತು. ಈಗಿನ ಎಸ್‌ಎಸ್‌ಡಿಗೆ ಅದು ಬೇಕಿಲ್ಲ. ಅಲ್ಲದೆ ಡಿವಿಯಲ್ಲಿ ಚಿತ್ರ ಕ್ಯಾಮೆರಾದಲ್ಲೇ ಹಿಂಡಿಕೊಂಡು ಫೈರ್‌ವೈರ್ ತಂತಿಯಲ್ಲಿ ಹಾಗೆಯೇ ಬರುತ್ತದೆ. ಕಂಪ್ಯೂಟರ್ ಮಾಡಬೇಕಾದದ್ದು ನಕಲು ಬರೆದುಕೊಳ್ಳುವುದಷ್ಟೇ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲವಾದ್ದರಿಂದ ಹಳೆಯ ಡೆಸ್ಕ್‌ಟಾಪು ಒಂದನ್ನು ಇದಕ್ಕೆಂದೇ ಉಳಿಸಿಕೊಂಡಿರುವ ಸ್ಟುಡಿಯೋದವರು ಜಾಣರು. ಆ ಯಂತ್ರಕ್ಕೆ ಇಂಟರ್ನೆಟ್ ಬೇಡ.

ವಿಎಚ್‌ಎಸ್ ಬೇರೆ. ಅದು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯ ಮೂಲಕ ಬರುವಾಗ ಟೇಪು ಯಾರಿಗೂ ಕಾಯುವುದಿಲ್ಲ. ಸವೆದ ಟೇಪಿನಿಂದ ಬಿದ್ದ ಫ್ರೇಮು, ಕಂಪ್ಯೂಟರ್ ಬಿಟ್ಟ ಫ್ರೇಮು ಎರಡೂ ಕಣ್ಣಿಗೆ ಒಂದೇ. ಗುರುತಿಸುವ ದಾರಿ ಹೀಗೆ: ಅನುಮಾನದ ಜಾಗವನ್ನು ಮಾತ್ರ ಇನ್ನೊಮ್ಮೆ ಓಡಿಸಿ ಇಳಿಸಿ. ಎರಡನೆಯ ಸಲವೂ ಅಕ್ಷತೆ ಬೀಳುವ ಅದೇ ಕ್ಷಣದಲ್ಲಿ ಚಿತ್ರ ಹಾರಿದರೆ ತಪ್ಪು ಟೇಪಿನದು, ಕಂಪ್ಯೂಟರನ್ನು ಬೈಯಬೇಡಿ. ಈ ಸಲ ಅಲ್ಲಿ ಸರಿಯಿದ್ದು ಬೇರೆಲ್ಲೋ ಹಾರಿದರೆ ಮೇಲೆ ಹೇಳಿದ ತಪಾಸಣೆಗೆ ವಾಪಸ್ ಬನ್ನಿ. ಇಡೀ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಓಡಿಸುವುದು ಬೇಡ, ಪ್ರತಿ ಓಟಕ್ಕೂ ಅದು ಸವೆಯುತ್ತದೆ. ವಿಸಿಆರಿನ ಹೆಡ್ಡು ಮೊದಲೇ ಒರೆಸಿಟ್ಟುಕೊಳ್ಳಿ.

ದೊಡ್ಡ ಲೈವಿನ ಹಿಂದಿನ ದಿನ, ಅದೇ ಹೊತ್ತಿಗೆ, ಅದೇ ದೀಪ, ಅದೇ ಎರಡು ಕ್ಯಾಮೆರಾ, ಅದೇ ದರಪಟ್ಟಿ ಹಾಕಿ ಅರ್ಧ ಗಂಟೆ ಖಾಸಗಿಯಾಗಿ ಓಡಿಸಿ ನೋಡಿ. ಐದು ನಿಮಿಷದ ಪರೀಕ್ಷೆಯಲ್ಲಿ ಬಿಸಿ ಹಿಡಿಯುವುದು ಗೊತ್ತಾಗುವುದಿಲ್ಲ. ಸ್ಟ್ಯಾಟ್ಸ್ ಕಿಟಕಿ ಪಕ್ಕದಲ್ಲಿ ತೆರೆದಿರಲಿ. ಏನಾದರೂ ಬದಲಿಸುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ರೀಸೆಟ್ ಒತ್ತಿ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಲಿ.